ಗುಡ್ಡಕ್ಕೆ ಅದರದೇ ಗಿಡ

ರೊಳ್ಳದಿಂದ ಮಡಕಶಿರದ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕದಲ್ಲಿ ಕುಳಿತವರಿಗೆ ದಾರಿಯುದ್ದಕ್ಕೂ ಕಾಣುವುದು ಬೋಳುಗುಡ್ಡಗಳ ಸಾಲು. ಬಂಡೆ, ಬಂಡೆಯ ಸಂದಿನಲ್ಲಿ ಒಣಹುಲ್ಲು, ತಪ್ಪಲಿನಲ್ಲಿ ಬಳ್ಳಾರಿ ಜಾಲಿ. ಹೊರಗಿನಿಂದ ಬಂದ ನೆಂಟರು ಇದನ್ನು ನೋಡಿ, “ಇಲ್ಲಿ ಏನು ತಾನೆ ಬೆಳೆದೀತು?” ಎಂದು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಎಪ್ಪತ್ತು ದಾಟಿದ ಯಾವ ಕುರಿಗಾಹಿಯನ್ನಾದರೂ ಕರೆದು ಕೂರಿಸಿಕೊಂಡು, “ಯಜಮಾನರೆ, ನೀವು ಹುಡುಗರಾಗಿದ್ದಾಗ ಈ ಗುಡ್ಡದ ಮೇಲೆ ಏನಿತ್ತು?” ಎಂದು ಕೇಳಿ ನೋಡಿ. ಕಮರ, ದಿಂಡಿಗ, ಸುಜ್ಜಲು, ಕಗ್ಗಲಿ, ಹುರುಗಲು, ಮುತ್ತುಗ, ಕಾರೆ, ಕವಳೆ ಎಂದು ಅವರು ಬೆರಳು ಮಡಿಸುತ್ತ ಹೋಗುತ್ತಾರೆ. ಬೆರಳು ಸಾಲುವುದಿಲ್ಲ. ನಮ್ಮ ಮಕ್ಕಳಿಗೆ ಇವುಗಳಲ್ಲಿ ಎರಡು ಹೆಸರು ಗೊತ್ತಿದ್ದರೆ ಹೆಚ್ಚು.

ಗುಡ್ಡವನ್ನು ಹಸಿರು ಮಾಡಬೇಕೆಂಬ ಆಸೆ ಹೊಸತಲ್ಲ. ಕೆ. ಎಂ. ಮುನ್ಷಿಯವರು ಕೇಂದ್ರ ಸಚಿವರಾಗಿದ್ದಾಗ 1950ರಲ್ಲಿ ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ಪ್ರತಿ ಜುಲೈ ತಿಂಗಳಲ್ಲಿ ದೇಶದ ಎಲ್ಲ ಕಡೆಯಂತೆ ನಮ್ಮಲ್ಲಿಯೂ ಸಸಿ ನೆಡುವುದು ನಡೆದು ಬಂದಿದೆ. ನಾನು ಮೇಷ್ಟರಾಗಿದ್ದ ದಿನಗಳಲ್ಲಿ ಮಕ್ಕಳ ಸಾಲನ್ನು ಗುಡ್ಡದ ಬುಡಕ್ಕೆ ಕರೆದೊಯ್ದು, ಭಾಷಣ ಮುಗಿಯುವವರೆಗೆ ಅವರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಲಾರಿಯಲ್ಲಿ ಬಂದ ಸಸಿಗಳನ್ನು ನೆಡಿಸಿದವರಲ್ಲಿ ನಾನೂ ಒಬ್ಬ. ಮಾರನೆಯ ವರ್ಷ ಹೊಸದಾಗಿ ಗುಂಡಿ ತೋಡುವ ಶ್ರಮವೇ ಇರುತ್ತಿರಲಿಲ್ಲ. ಹೋದ ವರ್ಷದ ಗುಂಡಿಗಳೇ ಖಾಲಿಯಾಗಿ ಕಾದಿರುತ್ತಿದ್ದವು. ಮಳೆ ಬರಲಿಲ್ಲ, ಮೇಕೆ ಮೇಯಿತು, ಹುಡುಗರು ಕಿತ್ತರು ಎಂದು ಕಾರಣ ಹೇಳಿಕೊಳ್ಳುತ್ತಿದ್ದೆವು. ನಾವು ನೆಟ್ಟ ಸಸಿ ಆ ಗುಡ್ಡದ್ದೇ ಅಲ್ಲ ಎಂಬ ಕಾರಣ ಬಹು ದಿನ ನನ್ನ ತಲೆಗೆ ಹೊಳೆದಿರಲಿಲ್ಲ. ನೀಲಗಿರಿ ಬಂದರೆ ನೀಲಗಿರಿ, ಸುಬಾಬುಲ್ ಬಂದರೆ ಸುಬಾಬುಲ್, ಗುಲ್‌ಮೊಹರ್ ಬಂದರೆ ಗುಲ್‌ಮೊಹರ್. ಲಾರಿಯಲ್ಲಿ ಬಂದದ್ದು ನೆಲಕ್ಕೆ ಹೋಯಿತು.

ಈ ಅಜಾಗರೂಕತೆಗೆ ನಮ್ಮ ಸೀಮೆಯಲ್ಲಿ ಹಳೆಯ ಉದಾಹರಣೆಯೊಂದಿದೆ. 1876ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಎಂಬ ಆಂಗ್ಲ ಸಸ್ಯವಿಜ್ಞಾನಿ, ಒಣನಾಡುಗಳ ಸೌದೆಯ ಬರವನ್ನು ನೀಗಿಸಲು ಅಮೆರಿಕದ ಒಂದು ಬಗೆಯ ಜಾಲಿಯ ಬೀಜವನ್ನು ತರಿಸಬೇಕೆಂದು ಸರ್ಕಾರಕ್ಕೆ ಬರೆದನು. ಜಮೈಕಾ ದ್ವೀಪದಿಂದ ಬೀಜ ಬಂದಿತು. 1878ರಲ್ಲಿ ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಅದನ್ನು ಬಿತ್ತಿದರು. ನಾವು ಈ ದಿನ ಬಳ್ಳಾರಿ ಜಾಲಿ ಎಂದು ಕರೆಯುವುದು ಅದನ್ನೇ. ಬೆಡ್ಡೋಮ್ ಕೆಟ್ಟವನಲ್ಲ; ಅವನ ಲೆಕ್ಕ ಒಂದು ರೀತಿಯಲ್ಲಿ ಸರಿಯಾಗಿಯೇ ಇತ್ತು. ಸೌದೆ ಸಿಕ್ಕಿತು. ಇದರ ಇದ್ದಿಲಿನಿಂದ ನಮ್ಮಲ್ಲಿ ಎಷ್ಟೋ ಕುಟುಂಬಗಳ ಒಲೆ ಉರಿದಿದೆ. ಆದರೆ ಸಿಹಿಯಾದ ಅದರ ಕಾಯನ್ನು ಕುರಿ, ಮೇಕೆ, ದನಗಳು ತಿಂದು ಹೋದಲ್ಲೆಲ್ಲ ಬೀಜ ಹಾಕಿದವು. ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ, ಬೀಳುಬಿದ್ದ ಹೊಲ ಎಲ್ಲವೂ ಅದರದಾಯಿತು. ಅದರ ನೆರಳಿನಲ್ಲಿ ಹುಲ್ಲು ಹುಟ್ಟುವುದು ಅಪರೂಪ. ನೆಲದ ಮೇಲೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಬುಡದ ಗಡ್ಡೆಯನ್ನು ಅಗೆದು ತೆಗೆದರೆ ಮಾತ್ರ ಅದು ತೊಲಗುವುದು. ಸೌದೆಗೊಂದು ಮರ ಬೇಕೆಂದು ತಂದವರು ಅದು ಮುಂದೆ ಏನು ಮಾಡೀತು ಎಂದು ಕೇಳಲಿಲ್ಲ.

ನೀಲಗಿರಿಯ ಕಥೆ ಇನ್ನೂ ಹತ್ತಿರದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದ ತೋಟಕ್ಕೆ ಬಂದ ಈ ಆಸ್ಟ್ರೇಲಿಯದ ಮರ, ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ಮೈಸೂರು ಸೀಮೆಯ ಬಯಲುಗಳನ್ನು ಆವರಿಸಿತು. ರಾಗಿ ಬೆಳೆಯುತ್ತಿದ್ದ ಹೊಲಗಳೂ ನೀಲಗಿರಿಯ ತೋಪುಗಳಾದವು. ಆಗ ನೆರೆಯ ತುಮಕೂರು ಜಿಲ್ಲೆಯ ರೈತರು ಮಾಡಿದ್ದನ್ನು ನೆನೆಯಬೇಕು. 1983ರ ಆಗಸ್ಟಿನಲ್ಲಿ ರೈತ ಸಂಘದವರು ಸರ್ಕಾರದ ಸಸಿಮಡಿಗೆ ಮೆರವಣಿಗೆಯಲ್ಲಿ ಹೋಗಿ ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜಗಳನ್ನು ಊರಿ ಬಂದರು. ಬಂಧನವೂ ಆಯಿತು. ಕರ್ನಾಟಕ ಸರ್ಕಾರ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ್ದು 2017ರಲ್ಲಿ. ರೈತನಿಗೆ ಕಂಡ ಮಾತು ಕಾಗದದ ಮೇಲೆ ಬರಲು ಮೂವತ್ತನಾಲ್ಕು ವರ್ಷ ಹಿಡಿಯಿತು.

ಕೀಳುವಾಗ ಅವರು ಊರಿದ್ದು ಹುಣಸೆಯನ್ನು. ಕಟ್ಟಾ ಶಾಸ್ತ್ರಕಾರರು ಇಲ್ಲಿ ಆಕ್ಷೇಪವೆತ್ತಬಹುದು, ಏಕೆಂದರೆ ಹುಣಸೆಯ ಮೂಲ ಆಫ್ರಿಕ. ಸೀತಾಫಲದ ಮೂಲವೂ ಅಮೆರಿಕವೇ. ಹಾಗೆಂದು ಹಿಂದೂಪುರದ ಹುಣಸೆಯ ಮಾರುಕಟ್ಟೆಗೆ ಹೋಗಿ ‘ಇದು ಪರದೇಶದ್ದು’ ಎಂದರೆ ನಕ್ಕಾರು. ಹುಣಸೆ ಸಾವಿರಾರು ವರ್ಷ ನಮ್ಮೊಡನೆ ಬಾಳಿ, ಯಾರನ್ನೂ ತುಳಿಯದೆ, ತನ್ನ ಪಾಡಿಗೆ ಹೊಲದ ಬದುವಿನಲ್ಲಿ ನಿಂತಿದೆ. ನಾಡಗಿಡ ಎಂಬುದನ್ನು ಕುಲಗೋತ್ರದಂತೆ ನೋಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಗುಡ್ಡದ ಕಾಡನ್ನು ಮರಳಿ ಎಬ್ಬಿಸುವ ಮಾತು ಬಂದಾಗ, ಆ ಗುಡ್ಡದಲ್ಲಿ ಹುಟ್ಟಿ ಅಲ್ಲಿಯ ಬರವನ್ನು ಉಂಡು ಬದುಕಿದ ಗಿಡಕ್ಕೇ ಮೊದಲ ಮಣೆ ಕೊಡಬೇಕು. ಅದು ಏಕೆಂಬುದಕ್ಕೆ ಕಮರದ ಮರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಮರವನ್ನು ತೆಲುಗಿನವರು ನಾರಯೇಪಿ ಎನ್ನುತ್ತಾರೆ; ತೊಗಟೆಯಿಂದ ಗಟ್ಟಿಯಾದ ನಾರು ತೆಗೆಯುತ್ತಿದ್ದುದೇ ಆ ಹೆಸರಿಗೆ ಕಾರಣ. ಎಲೆ ನೋಡಿದರೆ ಸಾಕು, ಗುರುತು ಸಿಗುತ್ತದೆ: ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಎರಡೇ ಎರಡು ದಳ. ಭಾರತದ ಅತಿ ಭಾರವಾದ ಮರಗಳಲ್ಲಿ ಇದೊಂದು. ಒಣಗಿದ ಕಟ್ಟಿಗೆಯೂ ನೀರಿನಲ್ಲಿ ಮುಳುಗುತ್ತದೆ. ಬೇಸಗೆಯಲ್ಲಿ ಬೇರೆ ಮೇವಿಲ್ಲದಾಗ ಇದರ ಸೊಪ್ಪು ದನಕ್ಕೂ ಕುರಿಗೂ ಆಹಾರ. ಆದರೆ ಇದರ ಸಸಿಯನ್ನು ನೆಟ್ಟವರಿಗೆ ಒಂದು ನಿರಾಶೆ ಕಾದಿರುತ್ತದೆ. ಒಂದು ವರ್ಷವಾದರೂ ಗೇಣುದ್ದ ಏಳುವುದಿಲ್ಲ. ಬೇಸಗೆಯಲ್ಲಿ ಕಡ್ಡಿಯೂ ಒಣಗಿ ಸತ್ತಂತೆ ಕಾಣುತ್ತದೆ. ಮತ್ತೆ ಮಳೆಗೆ ಚಿಗುರುತ್ತದೆ, ಮತ್ತೆ ಒಣಗುತ್ತದೆ. ಹೀಗೆ ಕೆಲವು ವರ್ಷ. ಲೆಕ್ಕ ಬರೆಯುವವನು ಅದನ್ನು ಸತ್ತ ಸಸಿಗಳ ಪಟ್ಟಿಗೆ ಸೇರಿಸಿಬಿಡುತ್ತಾನೆ. ಆದರೆ ಆ ವೇಳೆಯೆಲ್ಲ ಅದು ಕೆಳಗೆ ಬೆಳೆಯುತ್ತಿರುತ್ತದೆ. ಬಂಡೆಯ ಬಿರುಕನ್ನು ಹುಡುಕಿ ತಾಯಿಬೇರನ್ನು ಆಳಕ್ಕೆ ಇಳಿಸಿ, ತೇವ ಸಿಕ್ಕಿತೆಂದು ಖಾತ್ರಿಯಾದ ಮೇಲೆಯೇ ಅದು ಮೇಲಕ್ಕೆ ತಲೆಯೆತ್ತುವುದು. ಅನಂತಪುರದ ಒಣ ಸೀಮೆಯಲ್ಲಿ ವರ್ಷದ ಮಳೆ ಸುಮಾರು 550 ಮಿಲಿಮೀಟರು; ಅದೂ ಹೇಳಿದ ವೇಳೆಗೆ ಬರುವುದಿಲ್ಲ. ಅಂಥ ನೆಲದಲ್ಲಿ ಮೊದಲು ಬೇರು, ಆಮೇಲೆ ಕೊಂಬೆ ಎಂಬ ಈ ಗಿಡದ ಲೆಕ್ಕಾಚಾರ ನಮ್ಮ ಯೋಜನೆಗಳ ಲೆಕ್ಕಾಚಾರಕ್ಕಿಂತ ಗಟ್ಟಿಯಾದುದು.

ಇಂಥದೇ ಸ್ವಭಾವ ದೂರದ ಕ್ಯಾಲಿಫೋರ್ನಿಯದ ಕಡಲತೀರದ ಓಕ್ ಮರಕ್ಕೂ ಉಂಟು. ಅಲ್ಲಿಯೂ ಬೇಸಗೆ ಒಣ, ಅಲ್ಲಿಯೂ ದನಗಳ ಕಾಟ, ಹೊರಗಿನಿಂದ ಬಂದ ಹುಲ್ಲಿನ ಕಾಟ. ಓಕ್ ಬೀಜ ಮೊಳೆತೊಡನೆ ಮೊದಲು ಉದ್ದವಾದ ತಾಯಿಬೇರನ್ನು ಬಿಡುತ್ತದೆ. ಸಣ್ಣ ಚೀಲದಲ್ಲಿ ಬೆಳೆಸಿದರೆ ಆ ಬೇರು ತಳಕ್ಕೆ ತಗುಲಿ ಸುರುಳಿ ಸುತ್ತಿಕೊಳ್ಳುತ್ತದೆ. ನೆಟ್ಟ ಮೇಲೂ ನೆಟ್ಟಗಾಗುವುದಿಲ್ಲ. ಆದ್ದರಿಂದ ಅಲ್ಲಿ ಕಾಡನ್ನು ಮರಳಿ ಬೆಳೆಸುವವರು ಅದೇ ಕಣಿವೆಯ ಮರಗಳ ಕೆಳಗಿನಿಂದ ಬೀಜ ಆರಿಸಿ, ಎಷ್ಟೋ ವೇಳೆ ನೇರವಾಗಿ ನೆಲಕ್ಕೇ ಊರುತ್ತಾರೆ. ದನ, ಜಿಂಕೆ, ಇಲಿಗಳಿಂದ ಕಾಪಾಡಲು ಸುತ್ತ ಬಲೆ ಕಟ್ಟುತ್ತಾರೆ. ನಮ್ಮ ಕಮರಕ್ಕೂ ಇದೇ ಕ್ರಮ ಹಿತ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅದರ ತೆಳುವಾದ ರೆಕ್ಕೆಗಾಯಿ ಗಾಳಿಗೆ ಹಾರಿ ಬೀಳುತ್ತದೆ. ಬೀಜವಿರುವುದು ಕಾಯಿಯ ತುದಿಯಲ್ಲಿ. ಎಲ್ಲ ವರ್ಷವೂ ಹೇರಳವಾಗಿ ಬಿಡುವುದಿಲ್ಲ, ಮೂರರಿಂದ ಐದು ವರ್ಷಕ್ಕೊಮ್ಮೆ ಸುಗ್ಗಿ. ಸುಗ್ಗಿ ಬಂದ ವರ್ಷ ಕಸವೆಂದು ಗುಡಿಸಿ ಸುಡದೆ ಆರಿಸಿಟ್ಟುಕೊಳ್ಳುವುದು ಜಾಣತನ.

ಬೀಜದ ವಿಷಯ ಬಂದುದರಿಂದ ಇನ್ನೆರಡು ಮಾತು. ಬೇವಿನ ಬೀಜಕ್ಕೆ ಆಯುಸ್ಸು ಕಡಿಮೆ. ಹಣ್ಣು ಬಿದ್ದ ಎರಡು ಮೂರು ವಾರಗಳಲ್ಲಿ ಬಿತ್ತದಿದ್ದರೆ ಹುಟ್ಟುವುದು ಕಷ್ಟ. ಜಾಲಿ, ಕಗ್ಗಲಿಗಳದು ಇದಕ್ಕೆ ವಿರುದ್ಧ. ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ಹಾಕಿ ರಾತ್ರಿಯೆಲ್ಲ ನೆನೆಸಬೇಕು. ಇಲ್ಲವೆ ಮೇಕೆಯ ಹೊಟ್ಟೆಯನ್ನು ಹಾದು ಬರಬೇಕು. ರೊಪ್ಪದ ಗೊಬ್ಬರದಲ್ಲಿ ಕರಿಜಾಲಿಯ ಬೀಜವನ್ನು ಆರಿಸಿ ಬಿತ್ತುವುದು ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ. ಶ್ರೀಗಂಧ ಇನ್ನೊಂದು ವಿಚಿತ್ರ. ಅದು ನೆರೆಯ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಬದುಕುವ ಅರೆಪರಾವಲಂಬಿ. ಒಂಟಿಯಾಗಿ ನೆಟ್ಟು ನೀರೆರೆದು ಸತ್ತುಹೋಯಿತೆಂದು ಮರುಗುವವರು ಪಕ್ಕದಲ್ಲಿ ಒಂದು ತೊಗರಿಯನ್ನಾದರೂ ಹಾಕಿದ್ದರೆ ಅದು ಬದುಕುತ್ತಿತ್ತೇನೋ.

ಗುಡ್ಡಕ್ಕೆ ಗಿಡ ಆರಿಸುವಾಗ ನಾವು ಮಾಡುವ ದೊಡ್ಡ ತಪ್ಪೆಂದರೆ ಮರವನ್ನು ಮಾತ್ರ ಕಾಡೆಂದು ಭಾವಿಸುವುದು. ಪೊದೆಯಿಲ್ಲದೆ ಮರವಿಲ್ಲ. ಬಂದರೆ, ತಂಗಡಿ, ಕಾರೆ, ಕವಳೆ, ಬಾರೆ ಇವುಗಳನ್ನು ‘ಕುರುಚಲು’ ಎಂದು ಕಡಿದು ಜಾಗ ಹಸನು ಮಾಡಿ ಸಸಿ ನೆಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇವಿನ ಹಣ್ಣು ತಿಂದ ಹಕ್ಕಿ ಬಂದು ಕೂರುವುದು ಕಾರೆಯ ಪೊದೆಯ ಮೇಲೆ. ಬೀಜ ಬೀಳುವುದು ಅದರ ಬುಡದಲ್ಲಿ. ಮುಳ್ಳಿನ ಭಯಕ್ಕೆ ಮೇಕೆ ಬಾಯಿ ಹಾಕುವುದಿಲ್ಲ, ನೆರಳಿಗೆ ತೇವ ಆರುವುದಿಲ್ಲ. ಬೇವಿನ ಸಸಿ ಪೊದೆಯನ್ನು ದಾಟಿ ಮೇಲೆದ್ದಾಗ ಮೇಕೆಯ ಬಾಯಿಗೆ ಎಟುಕದಷ್ಟು ಎತ್ತರವಾಗಿರುತ್ತದೆ. ಯಾವ ತಂತಿಬೇಲಿಗೆ ಈ ಯೋಗ್ಯತೆಯಿದೆ? ತಂಗಡಿಯ ಬೇರು ಸಡಿಲ ಮಣ್ಣನ್ನು ಹಿಡಿದಿಡುತ್ತದೆ, ಹೂವು ದೀಪಾವಳಿಯ ಹೊತ್ತಿಗೆ ಅರಳಿ ಹಟ್ಟಿಯ ಹೊಸ್ತಿಲಿಗೆ ಬರುತ್ತದೆ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ಕ್ಯಾತೇದೇವರ ಜಾತ್ರೆಗೆ ಬಾರೆಯ ಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಮುಳ್ಳನ್ನು ದೇವರ ಮನೆಗೆ ತಂದವರು ಅದರ ಬೆಲೆಯನ್ನು ಬಲ್ಲವರೇ ಆಗಿರಬೇಕು.

ಇನ್ನು ಎಲ್ಲ ಬಯಲಿಗೂ ಮರ ಬೇಕೆಂಬುದೂ ಭ್ರಮೆಯೇ. ನಮ್ಮ ಗಡಿಗೆ ಅಂಟಿಕೊಂಡಂತಿರುವ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು ಓದುಗರಲ್ಲಿ ಕೆಲವರಾದರೂ ನೋಡಿರಬಹುದು. ಸುಮಾರು 800 ಎಕರೆಯ ಆ ಬಯಲಿನಲ್ಲಿ ಕೃಷ್ಣಮೃಗಗಳು ಹಿಂಡುಹಿಂಡಾಗಿ ನೆಗೆಯುತ್ತವೆ. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು 2007ರಲ್ಲಿ ಅದು ಘೋಷಿತವಾಯಿತು. ದೂರಕ್ಕೆ ದೃಷ್ಟಿ ಹಾಯದ ಕಡೆ ಆ ಮೃಗ ನಿಲ್ಲುವುದಿಲ್ಲ. ಓಡಿ ಪಾರಾಗುವುದೇ ಅದರ ರಕ್ಷಣೆ. ಅಂಥ ಬಯಲಿನಲ್ಲಿ ಒತ್ತಾಗಿ ಮರ ನೆಟ್ಟರೆ ಅದು ಕಾಡನ್ನು ಬೆಳೆಸಿದಂತಲ್ಲ, ಹುಲ್ಲನ್ನು ಕೊಂದಂತೆ. ನಮ್ಮ ಗೋಮಾಳಗಳಲ್ಲಿಯೂ ಮಣ್ಣು ತೆಳುವಾದ ದಿಣ್ಣೆಗಳನ್ನು ಹುಲ್ಲಿಗೇ ಬಿಟ್ಟು, ಬಂಡೆಯ ಸಂದು ಮತ್ತು ಇಳಿಜಾರುಗಳನ್ನು ಕಮರ, ಸುಜ್ಜಲು, ಹುರುಗಲುಗಳಿಗೂ, ಹಳ್ಳದ ದಂಡೆಯನ್ನು ಹೊಂಗೆ, ನೇರಳೆ, ತೊರೆಮತ್ತಿ, ಈಚಲುಗಳಿಗೂ ಕೊಡುವುದು ಯುಕ್ತ. ಕುರಿಗಾರರ ಮನಸ್ಸು ಒಲಿಯುವುದೂ ಹೀಗೆಯೇ. ಮೇಯುವ ನೆಲವನ್ನೆಲ್ಲ ಒಮ್ಮೆಗೇ ಮುಚ್ಚಿದರೆ ರಾತ್ರೋರಾತ್ರಿ ಬೇಲಿ ಕಾಣೆಯಾಗುತ್ತದೆ. ಅವರನ್ನು ಬೈದು ಫಲವಿಲ್ಲ.

ಇದೆಲ್ಲ ಆಗಿಹೋಗುವ ಮಾತೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯಲ್ಲಿಯೇ ಉತ್ತರವಿದೆ. ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ ಬಬ್ಲು ಗಂಗೂಲಿ, ಮೇರಿ ವಟ್ಟಮಟ್ಟಂ ಮತ್ತು ಅವರ ಗೆಳೆಯರು 32 ಎಕರೆ ಬರಡು ನೆಲವನ್ನು ಕೊಂಡು ಅದಕ್ಕೆ ಟಿಂಬಕ್ಟು ಎಂದು ಹೆಸರಿಟ್ಟರು. ಜಪಾನಿನ ಫುಕುವೋಕಾ ಅವರ ಸಹಜ ಕೃಷಿಯ ವಿಚಾರಗಳು ಅವರಿಗೆ ಪ್ರೇರಣೆಯಾಗಿದ್ದವು. ನೆಲ ಹಸಿರಾದುದನ್ನು ಕಂಡ ಸುತ್ತಲಿನ ಹಳ್ಳಿಗಳವರು ತಮ್ಮ ಗುಡ್ಡಗಳನ್ನೂ ಕಾಯಲು ಮುಂದಾದರು. ಕಲ್ಪವಲ್ಲಿ ಎಂಬ ಹೆಸರಿನಲ್ಲಿ ಏಳು ಸಾವಿರ ಎಕರೆಗೂ ಮಿಕ್ಕ ಪಾಳುಗುಡ್ಡ ಕಾಡಾಯಿತು. ಅಲ್ಲಿ ಗಮನಿಸಬೇಕಾದುದು ನೆಟ್ಟದ್ದಕ್ಕಿಂತ ಕಾದದ್ದು ಹೆಚ್ಚು ಎಂಬುದನ್ನು. ಬೇಸಗೆಯ ಬೆಂಕಿಗೆ ಅಡ್ಡವಾಗಿ ಬೆಂಕಿರೇಖೆ ಹೊಡೆದರು, ಕಾವಲುಗಾರರನ್ನಿಟ್ಟರು, ಬೀಜ ಚೆಲ್ಲಿದರು. ಬುಡ ಸತ್ತಿಲ್ಲದ ಹಳೆಯ ಮೋಟುಗಳು ತಾವಾಗಿ ಚಿಗುರಿದವು. ಹಳ್ಳಗಳಲ್ಲಿ ಈಚಲು ಎದ್ದಿತು. ಅದರ ಗರಿಯಿಂದ ಪೊರಕೆ ಕಟ್ಟಿ ಬಡ ಹೆಂಗಸರು ನಾಲ್ಕು ಕಾಸು ಕಂಡರು. 2010ರ ಸುಮಾರಿಗೆ ಆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಲು ರಸ್ತೆಗಳನ್ನು ಕಡಿದಾಗ ಎದ್ದ ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಸರ್ಕಾರದ ಕಡತದಲ್ಲಿ ಆ ನೆಲ ಇನ್ನೂ ‘ಪಾಳು’ ಎಂದೇ ಇದ್ದುದು ಅದಕ್ಕೆ ಒಂದು ಕಾರಣ. ಕಾಡು ಬೆಳೆಸುವವರು ಕಡತವನ್ನೂ ನೋಡಿಕೊಳ್ಳಬೇಕಾದ ಕಾಲವಿದು.

ಹೊಸಪೇಟೆಯ ಬಳಿಯ ದರೋಜಿ ಇನ್ನೊಂದು ನಿದರ್ಶನ. 1994ರಲ್ಲಿ ಕರಡಿಧಾಮವಾದ ಆ ಬಂಡೆಗುಡ್ಡಗಳಲ್ಲಿ ಕರಡಿ ತಿನ್ನುವ ಹಣ್ಣಿನ ಗಿಡಗಳಿಗೆ ಆದ್ಯತೆ ಸಿಕ್ಕಿತು. ನಮ್ಮ ಮಡಕಶಿರ, ರೊಳ್ಳ, ಕಲ್ಯಾಣದುರ್ಗದ ಕಡೆಗಳಲ್ಲಿ ಕರಡಿ ಊರೊಳಗೆ ಬಂತೆಂಬ ಸುದ್ದಿ ಕೇಳಿದಾಗಲೆಲ್ಲ ನಾವು ಬಾಗಿಲು ಹಾಕಿಕೊಳ್ಳುತ್ತೇವೆ, ತಮಟೆ ಬಡಿಯುತ್ತೇವೆ. ಗುಡ್ಡದ ಮೇಲೆ ಕಕ್ಕೆ, ಕವಳೆ, ಎಲಚಿ, ಅತ್ತಿ ಇದ್ದಿದ್ದರೆ ಅದು ಕಡಲೆಕಾಯಿಯ ಹೊಲಕ್ಕೆ ಇಷ್ಟು ಸಲ ಇಳಿಯುತ್ತಿತ್ತೆ? ಹೊಲದಲ್ಲಿ ಕರಡಿಗೆ ಎದುರಾಗಿ ಮುಖ ಕಳೆದುಕೊಂಡವರನ್ನು ಕಂಡವರಿಗೆ ಗಿಡದ ಆಯ್ಕೆ ಬರಿಯ ಹವ್ಯಾಸದ ವಿಷಯವಾಗಿ ತೋರುವುದಿಲ್ಲ.

ಗಡಿನಾಡಿನವರಾದ ನಮಗೆ ಒಂದು ವಿಶೇಷ ತೊಡಕುಂಟು. ಸಸಿಮಡಿಯ ಫಲಕಗಳು ತೆಲುಗಿನಲ್ಲಿರುತ್ತವೆ. ಗಿಡವನ್ನು ಬಲ್ಲ ನಮ್ಮ ಅಜ್ಜಂದಿರಿಗೆ ಗೊತ್ತಿರುವುದು ಕನ್ನಡದ ಹೆಸರು. ಮಧ್ಯದಲ್ಲಿ ನಿಂತ ಯುವಕನಿಗೆ ಎರಡೂ ಅರೆಬರೆ. ಹಿಂದೊಮ್ಮೆ ನಾನು ಸಸಿಮಡಿಯೊಂದರಲ್ಲಿ ಬನ್ನಿಯನ್ನು ಕೇಳಿ ಇಲ್ಲವೆನ್ನಿಸಿಕೊಂಡು ಬಂದೆ. ಬಾಗಿಲ ಬಳಿಯೇ ‘ಜಮ್ಮಿ’ ಎಂಬ ಫಲಕದ ಹಿಂದೆ ಅದರ ಸಾಲು ಇತ್ತೆಂದು ಆಮೇಲೆ ತಿಳಿಯಿತು. ಆದ್ದರಿಂದ ಹೊರಡುವ ಮೊದಲು ಇಷ್ಟನ್ನು ನೆನಪಿಟ್ಟುಕೊಳ್ಳಿ. ಕಮರಕ್ಕೆ ನಾರಯೇಪಿ, ಹೊಂಗೆಗೆ ಕಾನುಗ, ಮುತ್ತುಗಕ್ಕೆ ಮೋದುಗ, ತಂಗಡಿಗೆ ತಂಗೇಡು, ಸುಜ್ಜಲಿಗೆ ಚಿಗರ, ಬೇವಿಗೆ ವೇಪ. ಬೇವು 2018ರಿಂದ ಆಂಧ್ರಪ್ರದೇಶದ ರಾಜ್ಯವೃಕ್ಷವೂ ಹೌದಾದ್ದರಿಂದ ಸಿಗುವುದು ಕಷ್ಟವಾಗದು. ಸುಜ್ಜಲಿನ ಸೊಪ್ಪನ್ನು ಒಣಗಿಸಿ ಪುಡಿಮಾಡಿ ತಲೆಗೆ ಹಚ್ಚಿಕೊಂಡು ಮೀಯುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಆ ಮರ ಎಲ್ಲೆಲ್ಲಿ ಉಳಿದಿದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಸಸಿಮಡಿಯಲ್ಲಿ ಸಿಗದಿದ್ದರೆ ಅವರನ್ನು ಕೇಳಿ.

ನೆಡುವ ಕಾಲದ ಬಗೆಗೂ ಒಂದು ಮಾತು. ವನಮಹೋತ್ಸವದ ಜುಲೈ ಮಲೆನಾಡಿಗೆ ಸರಿ. ನಮ್ಮಲ್ಲಿ ಆರಿದ್ರೆಯ ಹನಿ ಬಿದ್ದು ಆಮೇಲೆ ತಿಂಗಳುಗಟ್ಟಲೆ ಗಾಳಿ ಬೀಸುವುದೇ ಹೆಚ್ಚು. ನಿಜವಾದ ಮಳೆ ಪುಬ್ಬೆ, ಉತ್ತರೆ, ಹಸ್ತೆಗಳಲ್ಲಿ. ಬೀಜವನ್ನು ಮುಂಗಾರಿಗೆ ಊರಬಹುದು, ಏಕೆಂದರೆ ಅದು ಹದ ಬರುವವರೆಗೆ ಕಾಯಬಲ್ಲುದು. ಚೀಲದ ಸಸಿಗೆ ಆ ತಾಳ್ಮೆಯಿಲ್ಲ. ಅದನ್ನು ಆಗಸ್ಟ್ ಕೊನೆಗೆ, ಒಂದು ಒಳ್ಳೆಯ ಮಳೆಯಾಗಿ ನೆಲ ಮೊಣಕೈಯಷ್ಟು ನೆಂದ ಮೇಲೆ ಇಳಿಸುವುದು ಮೇಲು.

ನಮ್ಮ ಊರಿನ ಹಿಂದಿನ ಗುಡ್ಡದ ಒಂದು ಮಗ್ಗುಲನ್ನು ಕುರಿಗಾರರು ತಾವೇ ಒಪ್ಪಿ ಐದು ವರ್ಷಕ್ಕೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಬಂಡೆಯ ಸಂದುಗಳಲ್ಲಿ ಊರಿದ ಕಮರದ ಬೀಜಗಳಲ್ಲಿ ಕೆಲವು ಹುಟ್ಟಿವೆ. ಹೋದ ಬೇಸಗೆಯಲ್ಲಿ ಕಡ್ಡಿಗಳೆಲ್ಲ ಒಣಗಿದವು. ಊರಿನವರು ಬಂದು ನೋಡಿ, “ಮೇಷ್ಟರೆ, ನಿಮ್ಮ ಗಿಡ ಹೋಯಿತಲ್ಲ” ಎಂದರು. ನಾನು ಗುದ್ದಲಿ ಕೇಳಿ ತರಿಸಿ, ಒಂದರ ಪಕ್ಕದಲ್ಲಿ ಮೆಲ್ಲಗೆ ಮಣ್ಣು ಸರಿಸಿದೆ. ಕಡ್ಡಿ ನಾಲ್ಕು ಬೆರಳು. ಬೇರು ಮೊಳಕ್ಕೆ ಮೀರಿ ಇಳಿದು ಕಲ್ಲಿನ ಸಂದಿನೊಳಗೆ ಮಾಯವಾಗಿತ್ತು. ಮಣ್ಣು ಮುಚ್ಚಿ ಬಂದೆವು. ಈ ಸಲ ಭರಣಿಯ ಮಳೆಗೆ ಅದೇ ಕಡ್ಡಿಯ ಬುಡದಲ್ಲಿ ಎರಡು ದಳದ ಎಲೆ ಮೂಡಿದೆ.